ನಮ್ಮ ಬೀದಿಯ ಕಾಡು ಚೆರ್ರಿ, ಅವರ ಔಷಧಿ

(ನಾರ್ತ್ ಡಕೋಟದಲ್ಲಿ ನೆಲೆಸಿರುವ ಕನ್ನಡಿಗರ ಬೇಸಿಗೆ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಒಂದೇ ಒಂದು ಗಿಡದ ಬಗ್ಗೆ ಮಾತಾಡುತ್ತೇನೆ. ಅದರ ಹೆಸರು ಚೋಕ್‌ಚೆರ್ರಿ. ನಿಮ್ಮಲ್ಲಿ ಬಹಳ ಜನರ ಮನೆಯ ಹತ್ತಿರ ಇದು ಇದೆ. ಬೇಸಿಗೆ ಏರಿದಂತೆ ಹಸಿರು ಎಲೆಗಳು ನೇರಳೆ ಬಣ್ಣಕ್ಕೆ ತಿರುಗುವ ಮರಗಳನ್ನು ಬೀದಿ ಬದಿಯಲ್ಲಿ ನೋಡಿರುತ್ತೀರಿ. ನರ್ಸರಿಯವರು ಶೂಬರ್ಟ್ ಅಥವಾ ಕೆನಡಾ ರೆಡ್ ಅಂತ ಮಾರುತ್ತಾರೆ. ಅದು ಇದೇ ಚೋಕ್‌ಚೆರ್ರಿಯ ಒಂದು ತಳಿ. ಅದರ ಕಾಡು ರೂಪ ಮರವಲ್ಲ, ಪೊದೆ. ನದಿ ದಂಡೆಯಲ್ಲಿ, ಹಳ್ಳದ ಇಳಿಜಾರಿನಲ್ಲಿ, ಹೊಲದ ಬೇಲಿಯಲ್ಲಿ ಬುಡದಿಂದ ಕವಲೊಡೆದು ದಟ್ಟವಾಗಿ ಬೆಳೆಯುತ್ತದೆ. 2007ರಲ್ಲಿ ಈ ರಾಜ್ಯ ಅದನ್ನು ತನ್ನ ರಾಜ್ಯ ಹಣ್ಣು ಅಂತ ಘೋಷಿಸಿತು.

ಊರಿಂದ ಅಪ್ಪ ಅಮ್ಮ ಬಂದಾಗ ಏನಾಗುತ್ತದೆ ನಿಮಗೆ ಗೊತ್ತು. ಸಂಜೆ ವಾಕಿಂಗ್ ಹೋದವರು ಗಿಡದ ತುಂಬ ಕಪ್ಪು ಹಣ್ಣು ನೋಡಿ, ಒಂದು ಬಾಯಿಗೆ ಹಾಕಿಕೊಂಡು, "ಒಗರು, ಆದ್ರೆ ಗೊಜ್ಜು ಮಾಡಬಹುದು" ಅನ್ನುತ್ತಾರೆ. ಇನ್ಯಾರೋ ಮೊಬೈಲಿನಲ್ಲಿ ಹುಡುಕಿ, ಇದರ ತೊಗಟೆ ಕೆಮ್ಮಿಗೆ ಒಳ್ಳೆಯದಂತೆ, ಭೇದಿಗೆ ಒಳ್ಳೆಯದಂತೆ, ಮಗುವಿಗೆ ಕಷಾಯ ಮಾಡಿ ಕೊಡೋಣ ಅನ್ನುತ್ತಾರೆ. ಗೊಜ್ಜಿನ ಮಾತು ಸರಿ. ಕಷಾಯದ ಮಾತು ಬೇಡ. ಯಾಕೆ ಬೇಡ ಅನ್ನುವುದನ್ನು ಹೇಳುವುದಕ್ಕೇ ನಾನು ಇವತ್ತು ಇಲ್ಲಿ ನಿಂತಿದ್ದೇನೆ. ವರ್ಷಗಟ್ಟಲೆ ಔಷಧಿ ಗಿಡಗಳ ಪಾಠ ಮಾಡಿದವಳು ನಾನು. ನಾಟಿ ಔಷಧಿ ಅಂದರೆ ಮೂಗು ಮುರಿಯುವವಳಲ್ಲ. ಗೌರವ ಇರುವುದರಿಂದಲೇ ಈ ಎಚ್ಚರಿಕೆ ಹೇಳುತ್ತಿದ್ದೇನೆ.

ಮೊದಲು ಗಿಡದ ಗುರುತು. ಎಲೆ ಅಂಡಾಕಾರ, ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು. ಎಲೆಯ ತೊಟ್ಟಿನ ಮೇಲೆ, ಎಲೆ ಶುರುವಾಗುವ ಜಾಗದಲ್ಲಿ, ಎರಡು ಪುಟ್ಟ ಗಂಟುಗಳಿರುತ್ತವೆ. ಮೇ ತಿಂಗಳಲ್ಲಿ ಬಿಳಿ ಹೂವಿನ ಉದ್ದನೆಯ ಗೊಂಚಲು. ಹಣ್ಣು ಬಟಾಣಿ ಗಾತ್ರ, ಮೊದಲು ಕೆಂಪು, ಆಮೇಲೆ ಕಪ್ಪು. ಒಳಗೆ ಒಂದೇ ಗಟ್ಟಿ ಬೀಜ. ರೆಂಬೆಯ ಸಿಪ್ಪೆಯನ್ನು ಉಗುರಿನಿಂದ ಕೆರೆದು ಮೂಸಿ ನೋಡಿ. ಕಹಿ ಬಾದಾಮಿಯ ವಾಸನೆ ಬರುತ್ತದೆ. ಆ ವಾಸನೆಯ ಬಗ್ಗೆ ಆಮೇಲೆ ಜಾಸ್ತಿ ಮಾತಾಡೋಣ. ಪೂರ್ವದ ನ್ಯೂಫೌಂಡ್‌ಲ್ಯಾಂಡ್‌ನಿಂದ ಪಶ್ಚಿಮದ ಬ್ರಿಟಿಷ್ ಕೊಲಂಬಿಯಾದವರೆಗೆ ಇದು ಹಬ್ಬಿದೆ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದಕ್ಕೆ ಪ್ರೂನಸ್ ವರ್ಜೀನಿಯಾನ ಅಂತ ವೈಜ್ಞಾನಿಕ ಹೆಸರಿಟ್ಟ.

ಈಗ ಒಂದು ಘಟನೆ ಹೇಳುತ್ತೇನೆ. ಈ ಗಿಡದ ಔಷಧಿ ಗುಣದ ಬಗ್ಗೆ ಬರೆಯುವವರೆಲ್ಲ ಇದನ್ನು ಹೇಳುತ್ತಾರೆ, ಆದರೆ ಅರ್ಧ ಹೇಳುತ್ತಾರೆ.

1805ರ ಜೂನ್ 11. ಮೆರಿವೆದರ್ ಲೂಯಿಸ್ ನಾಲ್ಕು ಜನರ ಜೊತೆ ಮಿಸೌರಿ ನದಿಯ ದಂಡೆ ಹಿಡಿದು ಈಗಿನ ಮೊಂಟಾನದಲ್ಲಿ ನಡೆದು ಹೊರಟಿದ್ದ. ಪಶ್ಚಿಮದ ನೆಲವನ್ನು ಶೋಧಿಸಲು ಅಮೆರಿಕದ ಅಧ್ಯಕ್ಷ ಜೆಫರ್ಸನ್ ಕಳಿಸಿದ ತಂಡ ಅದು. ಜೊತೆಗಾರ ಕ್ಲಾರ್ಕ್ ದೋಣಿಗಳನ್ನು ತೆಗೆದುಕೊಂಡು ಹಿಂದೆ ಬರಬೇಕಿತ್ತು. ಮಧ್ಯಾಹ್ನ ಲೂಯಿಸ್‌ಗೆ ವಿಪರೀತ ಹೊಟ್ಟೆನೋವು ಬಂತು. ಸಂಜೆ ಹೊತ್ತಿಗೆ ಜ್ವರ ಏರಿತು. ತಂಡದ ಔಷಧಿ ಪೆಟ್ಟಿಗೆ ಜೊತೆಯಲ್ಲಿ ಇರಲಿಲ್ಲ. ಇದ್ದಿದ್ದರೂ ಅದರಲ್ಲಿ ಏನಿತ್ತು ಅಂತ ಕೇಳಿ. ಫಿಲಡೆಲ್ಫಿಯಾದ ಹೆಸರಾಂತ ವೈದ್ಯ ಬೆಂಜಮಿನ್ ರಶ್ ಅವರ ಗುಳಿಗೆಗಳು, 50 ಡಜನ್. ಪಾದರಸದ ಲವಣ ಮತ್ತು ಜಲಾಪ್ ಅನ್ನುವ ಬೇರು ಸೇರಿಸಿ ಮಾಡಿದ, ಜೋರಾಗಿ ಭೇದಿ ಮಾಡಿಸುವ ಮಾತ್ರೆ. ಆ ಕಾಲದ ಆಧುನಿಕ ವೈದ್ಯ ಅಂದರೆ ಅದು.

ಲೂಯಿಸ್ ಸುತ್ತ ನೋಡಿದ. ನದಿಯ ತಗ್ಗಿನಲ್ಲಿ ಚೋಕ್‌ಚೆರ್ರಿ ಬೇಕಾದಷ್ಟಿತ್ತು. ಸಣ್ಣ ರೆಂಬೆಗಳನ್ನು ತರಿಸಿದ. ಎಲೆಗಳನ್ನು ಪೂರ್ತಿ ಕೀಳಿಸಿದ. 2 ಇಂಚಿನ ತುಂಡು ಮಾಡಿಸಿ, ನೀರು ಕಪ್ಪಾಗಿ ಕಹಿ ಒಗರು ಬರುವ ತನಕ ಕುದಿಸಿದ. ಸೂರ್ಯ ಮುಳುಗುವಾಗ ಒಂದು ಪಿಂಟ್ ಕುಡಿದ, ಅಂದರೆ ಸುಮಾರು ಅರ್ಧ ಲೀಟರ್. ಒಂದು ಗಂಟೆ ಬಿಟ್ಟು ಇನ್ನೊಂದು ಪಿಂಟ್. ರಾತ್ರಿ 10 ಗಂಟೆಗೆ ನೋವು ಪೂರ್ತಿ ಹೋಗಿತ್ತು, ಜ್ವರ ಇಳಿದಿತ್ತು. ಮರುದಿನ ಬೆಳಿಗ್ಗೆ ಇನ್ನೊಂದು ಸಲ ಕುಡಿದು 27 ಮೈಲಿ ನಡೆದ. ಅದರ ಮರುದಿನ, ಜೂನ್ 13ಕ್ಕೆ, ಮಿಸೌರಿಯ ಮಹಾ ಜಲಪಾತ ಕಂಡ.

ಇದೆಲ್ಲ ಅವನೇ ದಿನಚರಿಯಲ್ಲಿ ಬರೆದಿಟ್ಟದ್ದು. ಅವನು ಇದನ್ನು ಪ್ರಯೋಗ ಅಂತ ಕರೆಯುತ್ತಾನೆ. ಆದರೆ ಅವನ ತಾಯಿ ಲೂಸಿ ಮಾರ್ಕ್ಸ್ ವರ್ಜೀನಿಯಾದಲ್ಲಿ ಗಿಡಮೂಲಿಕೆ ಔಷಧಿ ಕೊಡುವುದರಲ್ಲಿ ಹೆಸರಾದವರು. ಅಂಥ ಮನೆಯಲ್ಲಿ ಬೆಳೆದ ಮಗನಿಗೆ ಯಾವ ಗಿಡ, ಯಾವ ಭಾಗ ಅನ್ನುವ ಅಂದಾಜು ಇದ್ದೇ ಇರುತ್ತದೆ. ಅಮೆರಿಕದ ಪೂರ್ವ ಕರಾವಳಿಯ ವಲಸೆಗಾರರಿಗೆ ಅಲ್ಲಿನ ಕಾಡು ಚೆರ್ರಿಯ ಉಪಯೋಗ ಹೇಳಿಕೊಟ್ಟವರು ಮೂಲನಿವಾಸಿಗಳು. ಸರಪಳಿಯ ಆ ಮೊದಲ ಕೊಂಡಿಯನ್ನು ಯಾರೂ ಹೇಳುವುದಿಲ್ಲ.

ಔಷಧಿ ಕೆಲಸ ಮಾಡಿತಾ? ಔಷಧಿ ಪಾಠ ಮಾಡಿದವಳಾಗಿ ಹೇಳಬೇಕು: ಒಬ್ಬ ಮನುಷ್ಯ, ಒಂದು ರಾತ್ರಿ, ಅದು ಪುರಾವೆ ಅಲ್ಲ. ಎಷ್ಟೋ ಹೊಟ್ಟೆನೋವು ತಾನಾಗಿ ಇಳಿಯುತ್ತದೆ. ಆದರೆ ಒಂದು ಮಾತು ನಿಜ. ಈ ತೊಗಟೆಯಲ್ಲಿ ಟ್ಯಾನಿನ್ ಜಾಸ್ತಿ. ಒಗರು ಬರುವುದು ಅದರಿಂದಲೇ. ಒಗರು ಪದಾರ್ಥ ಕರುಳಿನ ಒಳಪದರವನ್ನು ಬಿಗಿ ಮಾಡುತ್ತದೆ. ನಮ್ಮಲ್ಲೂ ಭೇದಿಗೆ ದಾಳಿಂಬೆ ಸಿಪ್ಪೆ, ಸೀಬೆ ಚಿಗುರು ಕೊಡುವುದು ಇದಕ್ಕೇ ಅಲ್ವಾ? ಎಲೆ ಕಿತ್ತು ಬಿಸಾಕಿದ್ದು, ತುಂಬ ಹೊತ್ತು ಕುದಿಸಿದ್ದು, ಈ ಎರಡೂ ಗಮನಿಸಬೇಕಾದ ಸಂಗತಿ. ಯಾಕೆ ಅಂತ ಈಗ ಹೇಳುತ್ತೇನೆ.

ಚೋಕ್‌ಚೆರ್ರಿಯ ಎಲೆಯಲ್ಲಿ, ತೊಗಟೆಯಲ್ಲಿ, ಬೀಜದ ಒಳಗಿನ ತಿರುಳಿನಲ್ಲಿ ಸಯನೈಡ್ ಅಡಗಿದೆ. ನೇರವಾಗಿ ಅಲ್ಲ, ಸಕ್ಕರೆಗೆ ಕಟ್ಟಿಹಾಕಿದ ರೂಪದಲ್ಲಿ. ಎಲೆ, ತೊಗಟೆಯಲ್ಲಿರುವುದಕ್ಕೆ ಪ್ರುನಾಸಿನ್ ಅಂತ ಹೆಸರು, ಬೀಜದಲ್ಲಿರುವುದಕ್ಕೆ ಅಮಿಗ್ಡಾಲಿನ್. ಗಿಡ ಸುಮ್ಮನೆ ನಿಂತಿರುವಾಗ ಇದರಿಂದ ಏನೂ ಆಗುವುದಿಲ್ಲ. ಆ ಕಟ್ಟನ್ನು ಬಿಚ್ಚುವ ಕಿಣ್ವ ಅದೇ ಗಿಡದಲ್ಲಿ ಬೇರೆ ಜಾಗದಲ್ಲಿ ಇರುತ್ತದೆ. ಎಲೆಯನ್ನು ಅಗಿದಾಗ, ಜಜ್ಜಿದಾಗ, ಅಥವಾ ಅದು ಬಾಡಿದಾಗ ಎರಡೂ ಒಂದಕ್ಕೊಂದು ಸೇರುತ್ತವೆ. ಆಗ ಎರಡು ವಸ್ತು ಹೊರಬರುತ್ತವೆ. ಒಂದು ಬೆಂಜಾಲ್ಡಿಹೈಡ್, ಕಹಿ ಬಾದಾಮಿಯ ವಾಸನೆ ಬರುವುದು ಅದರಿಂದ. ಇನ್ನೊಂದು ಹೈಡ್ರೋಜನ್ ಸಯನೈಡ್. ಅದು ರಕ್ತದಲ್ಲಿ ಆಮ್ಲಜನಕ ಇದ್ದರೂ ಜೀವಕೋಶ ಅದನ್ನು ಬಳಸದಂತೆ ಮಾಡುತ್ತದೆ.

ಉತ್ತರ ಕರ್ನಾಟಕದಿಂದ ಬಂದವರಿಗೆ ಇದು ಹೊಸದಲ್ಲ. ಎಳೆ ಜೋಳದ ಪೈರಿಗೆ ದನ ಬಿಡಬಾರದು ಅಂತ ಅಲ್ಲಿನ ರೈತರಿಗೆ ಗೊತ್ತು. ಮಳೆ ಕೈಕೊಟ್ಟು ಬಾಡಿದ ಜೋಳ, ಕೊಯ್ದ ಮೇಲೆ ಬರುವ ಕೂಳೆ ಚಿಗುರು, ಇವೂ ಅಷ್ಟೇ ಅಪಾಯ. ಮೇದ ದನ ಹೊಟ್ಟೆ ಉಬ್ಬಿ, ಏದುಸಿರು ಬಿಟ್ಟು ಬೀಳುತ್ತದೆ. ಅಲ್ಲೂ ಕೆಲಸ ಮಾಡುವುದು ಸಯನೈಡೇ. ಮರಗೆಣಸನ್ನು ಹಸಿ ತಿನ್ನಬಾರದು ಅನ್ನುವುದೂ ಇದೇ ಕಾರಣಕ್ಕೆ. ಇಲ್ಲಿನ ದನ ಸಾಕುವವರು ಹುಲ್ಲುಗಾವಲಿನ ಅಂಚಿನ ಚೋಕ್‌ಚೆರ್ರಿ ಪೊದೆಯನ್ನು ಅದೇ ಭಯದಿಂದ ನೋಡುತ್ತಾರೆ. ಮೆಲುಕು ಹಾಕುವ ಪ್ರಾಣಿಗಳಿಗೆ ಅಪಾಯ ಜಾಸ್ತಿ, ಯಾಕೆಂದರೆ ಅವುಗಳ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆ ಕಟ್ಟನ್ನು ಬೇಗ ಬಿಚ್ಚಿಬಿಡುತ್ತವೆ.

ಮನುಷ್ಯರ ದೇಹಕ್ಕೆ ತೀರಾ ಸ್ವಲ್ಪ ಸಯನೈಡನ್ನು ನಿಭಾಯಿಸುವ ಶಕ್ತಿ ಇದೆ. ಗಂಧಕದ ಅಂಶ ಸೇರಿಸಿ ಅದನ್ನು ನಿರಪಾಯದ ವಸ್ತುವಾಗಿ ಬದಲಾಯಿಸಿ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಪ್ರಮಾಣ ಮೀರಿದರೆ ಆ ಶಕ್ತಿ ಸಾಲದು. ಮಗುವಿನ ದೇಹಕ್ಕೆ ಇನ್ನೂ ಬೇಗ ಮೀರುತ್ತದೆ.

ಹಾಗಿದ್ದರೆ ಈ ಬಯಲಿನ ಮೂಲನಿವಾಸಿ ಜನ ಸಾವಿರಾರು ವರ್ಷ ಈ ಹಣ್ಣನ್ನು ಹೇಗೆ ತಿಂದರು? ಅದೂ ಬೀಜ ಸಮೇತ?

ಡಕೋಟ ಅನ್ನುವ ಮೂಲನಿವಾಸಿ ಜನಾಂಗದ ಹೆಂಗಸರು ಹಣ್ಣನ್ನು ಹೇಗೆ ಕಾಪಿಡುತ್ತಿದ್ದರು ಅನ್ನುವುದನ್ನು ಸಸ್ಯಗಳ ಅಧ್ಯಯನಕಾರ ಮೆಲ್ವಿನ್ ಗಿಲ್ಮೋರ್ 1919ರಲ್ಲಿ ಪ್ರಕಟವಾದ ವರದಿಯಲ್ಲಿ ದಾಖಲಿಸಿದ್ದಾರೆ. ಹಣ್ಣನ್ನು ಬೀಜ ಸಮೇತ ಕಲ್ಲಿನ ಮೇಲೆ ಕುಟ್ಟಿ ಮುದ್ದೆ ಮಾಡುತ್ತಿದ್ದರು. ಅದನ್ನು ಪುಟ್ಟ ಬಿಲ್ಲೆಗಳಾಗಿ ತಟ್ಟಿ ಬಿಸಿಲಿಗೆ ಒಣಗಿಸುತ್ತಿದ್ದರು. ನಮ್ಮ ಮನೆಗಳಲ್ಲಿ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಸಂಡಿಗೆ ಹಾಕುತ್ತಿದ್ದ ಹಾಗೆ. ಚೆನ್ನಾಗಿ ಒಣಗಿದ ಬಿಲ್ಲೆ ಚಳಿಗಾಲ ಪೂರ್ತಿ ಇರುತ್ತಿತ್ತು. ಒಣಮಾಂಸದ ಪುಡಿ ಮತ್ತು ಕೊಬ್ಬಿನ ಜೊತೆ ಕಲಸಿದರೆ ಲಕೋಟ ಜನರ ವಾಸ್ನಾ ಆಗುತ್ತಿತ್ತು, ದೂರದ ಪ್ರಯಾಣಕ್ಕೆ ಕಟ್ಟಿಕೊಳ್ಳುವ ಬುತ್ತಿ. ನೀರಿನಲ್ಲಿ ನೆನೆಸಿ ಕುದಿಸಿದರೆ ವೊಜಾಪಿ ಅನ್ನುವ ಗಟ್ಟಿ ರಸ.

ಇಲ್ಲಿ ನಡೆಯುವ ರಸಾಯನ ನೋಡಿ. ಕುಟ್ಟಿದಾಗ ಬೀಜದೊಳಗಿನ ವಸ್ತುವೂ ಕಿಣ್ವವೂ ಚೆನ್ನಾಗಿ ಬೆರೆಯುತ್ತವೆ. ಸಯನೈಡ್ ಬಿಡುಗಡೆ ಆಗುತ್ತದೆ. ಅದು ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗೇ ಕುದಿದು ಆವಿಯಾಗುವ ವಸ್ತು. ತೆಳ್ಳಗೆ ತಟ್ಟಿ, ಬಯಲಿನ ಗಾಳಿಯಲ್ಲಿ, ಜುಲೈ ಆಗಸ್ಟ್ ಬಿಸಿಲಲ್ಲಿ ದಿನಗಟ್ಟಲೆ ಇಟ್ಟರೆ ಅದು ಹಾರಿಹೋಗುತ್ತದೆ. ಮರಗೆಣಸನ್ನು ತುರಿದು, ನೆನೆಸಿ, ಹಿಂಡಿ, ಒಣಗಿಸುವವರೂ ಮಾಡುವುದು ಇದನ್ನೇ. ಮೊದಲು ವಿಷ ಹೊರಬರಲು ಬಿಡುವುದು, ಆಮೇಲೆ ಅದನ್ನು ಓಡಿಸುವುದು. ಕಿಣ್ವ ಅನ್ನುವ ಹೆಸರು ಇಲ್ಲದ ಕಾಲದಲ್ಲಿ ತಲೆಮಾರುಗಳ ಕಾಲ ತಿಂದು, ನೋಡಿ, ತಿದ್ದಿ ಕಂಡುಕೊಂಡ ವಿಧಾನ ಇದು. ನನ್ನ ಲೆಕ್ಕದಲ್ಲಿ ಇದು ಯಾವ ಪ್ರಯೋಗಶಾಲೆಯ ಕೆಲಸಕ್ಕೂ ಕಡಿಮೆಯಲ್ಲ. ಮತ್ತು ಇದು ಬಹುತೇಕ ಹೆಂಗಸರ ಕೆಲಸ.

ಲೂಯಿಸ್‌ನ ಕಥೆಯ ಇನ್ನರ್ಧ ಇಲ್ಲಿದೆ. ಜೂನ್‌ನಲ್ಲಿ ಕಷಾಯ ಕುಡಿದ ಅವನು ಆಗಸ್ಟ್ 13ರಂದು ರಾಕಿ ಪರ್ವತದ ಆಚೆ ಶೊಶೋನಿ ಜನರ ಬಿಡಾರ ತಲುಪಿದ. ದಿನವಿಡೀ ಹಸಿದಿದ್ದ ತಂಡಕ್ಕೆ ಅವರು ಬಿಸಿಲಲ್ಲಿ ಒಣಗಿಸಿದ ಸರ್ವಿಸ್‌ಬೆರ್ರಿ ಅನ್ನುವ ಇನ್ನೊಂದು ಕಾಡು ಹಣ್ಣಿನ ಮತ್ತು ಚೋಕ್‌ಚೆರ್ರಿಯ ಬಿಲ್ಲೆಗಳನ್ನು ಕೊಟ್ಟರು. ಹೊಟ್ಟೆ ತುಂಬ ತಿಂದೆ ಅಂತ ಅವನೇ ಬರೆದಿದ್ದಾನೆ. ಶೊಶೋನಿಗಳ ಹತ್ತಿರ ಆಗ ತಮಗೇ ಊಟಕ್ಕೆ ಹೆಚ್ಚೇನೂ ಇರಲಿಲ್ಲ. ಕಷಾಯದ ಕಥೆ ಎಲ್ಲ ಕಡೆ ಬಂತು. ಬಿಲ್ಲೆ ಮಾಡಿದ ಕೈಗಳ ಕಥೆ ಬರಲಿಲ್ಲ.

ಇನ್ನು ಔಷಧಿಯ ಉಪಯೋಗಗಳು. ಒಂದೊಂದು ಜನಾಂಗದ್ದು ಒಂದೊಂದು ಬಗೆ. ಬ್ಲ್ಯಾಕ್‌ಫೂಟ್ ಜನ ಹಣ್ಣಿನ ರಸವನ್ನು ಭೇದಿಗೂ ಗಂಟಲು ನೋವಿಗೂ ಕೊಡುತ್ತಿದ್ದರು. ಷಯನ್ ಜನ ಇನ್ನೂ ಮಾಗದ ಹಣ್ಣನ್ನು ಒಣಗಿಸಿ ಪುಡಿ ಮಾಡಿ ಭೇದಿಗೆ ಬಳಸುತ್ತಿದ್ದರು. ಒಳತೊಗಟೆಯ ಕಷಾಯ ಹೊಟ್ಟೆ ಕೆಟ್ಟಾಗ, ಕೆಮ್ಮು ನೆಗಡಿ ಬಂದಾಗ, ಬಾಯಿ ಹುಣ್ಣಾದಾಗ ಹಲವು ಕಡೆ ಬಳಕೆಯಲ್ಲಿತ್ತು. ಗಾಯ ತೊಳೆಯುವುದಕ್ಕೂ ಇತ್ತು. ಔಷಧಿಯೇ ಅಲ್ಲದ ಒಂದು ಉಪಯೋಗ ನನಗೆ ತುಂಬ ಇಷ್ಟ. ಬೇಟೆಗಾರರು ಈ ತೊಗಟೆ ಕುದಿಸಿದ ನೀರಿನಲ್ಲಿ ಬೋನುಗಳನ್ನು ತೊಳೆಯುತ್ತಿದ್ದರು ಅಂತ ಪೊಂಕಾ ಜನಾಂಗದವರೊಬ್ಬರು ಗಿಲ್ಮೋರ್‌ಗೆ ಹೇಳಿದ್ದಾರೆ. ಹಿಂದೆ ಸಿಕ್ಕಿಬಿದ್ದ ಪ್ರಾಣಿಯ ವಾಸನೆ ಉಳಿಯಬಾರದು ಅಂತ. ಗಟ್ಟಿ ಕೊಂಬೆಗಳಿಂದ ಬಾಣ, ಡೇರೆಯ ಗೂಟ ಮಾಡುತ್ತಿದ್ದರು.

ಈ ಎಲ್ಲ ಔಷಧಿಗಳಲ್ಲೂ ಯಾವ ಭಾಗ, ಯಾವ ಋತು, ಎಷ್ಟು, ಯಾರಿಗೆ ಅನ್ನುವ ಲೆಕ್ಕ ಇತ್ತು. ಆ ಲೆಕ್ಕ ಕಲಿತ ಜನ ಇದ್ದರು. ಮೊಬೈಲಿನಲ್ಲಿ ನಿಮಗೆ ಸಿಗುವುದು "ಕೆಮ್ಮಿಗೆ ತೊಗಟೆ" ಅನ್ನುವ ಎರಡು ಪದ. ಲೆಕ್ಕ ಅಲ್ಲಿ ಇರುವುದಿಲ್ಲ. ನಮ್ಮ ಮಲೆನಾಡಿನ ನಾಟಿ ವೈದ್ಯರ ವಿಷಯದಲ್ಲೂ ಇದೇ ಆಗಿದೆ. ಗಿಡದ ಹೆಸರು ಊರಿಗೆಲ್ಲ ಗೊತ್ತು, ಅದನ್ನು ಯಾವಾಗ ಕೊಡಬಾರದು ಅನ್ನುವುದು ಅವರೊಬ್ಬರಿಗೇ ಗೊತ್ತು.

ಪೂರ್ವದ ಕಾಡುಗಳಲ್ಲಿ ಚೋಕ್‌ಚೆರ್ರಿಯ ಹತ್ತಿರದ ಸಂಬಂಧಿ ಒಂದಿದೆ, ಬ್ಲ್ಯಾಕ್ ಚೆರ್ರಿ. ಅದು ಎತ್ತರದ ಮರ. ಅದರ ತೊಗಟೆ ಅಮೆರಿಕದ ಔಷಧಿ ಅಂಗಡಿಗಳಿಗೆ ಬಂತು. 1820ರಲ್ಲಿ ಪ್ರಕಟವಾದ ಅಮೆರಿಕದ ಮೊದಲ ಫಾರ್ಮಕೋಪಿಯಾದಲ್ಲೇ, ಅಂದರೆ ಅಧಿಕೃತ ಔಷಧಿಗಳ ಪುಸ್ತಕದಲ್ಲೇ, ಕಾಡು ಚೆರ್ರಿ ಸೇರಿತು. ಒಂದು ಗೊಂದಲವೂ ಸೇರಿತು. ಔಷಧಿಯವರು ಬ್ಲ್ಯಾಕ್ ಚೆರ್ರಿಯ ತೊಗಟೆಯನ್ನು ಬಹಳ ಕಾಲ ಪ್ರೂನಸ್ ವರ್ಜೀನಿಯಾನ ಅಂತಲೇ ಕರೆದರು, ಚೋಕ್‌ಚೆರ್ರಿಯ ಹೆಸರಿನಿಂದ. ಹಳೆಯ ಪುಸ್ತಕದಲ್ಲಿ ಆ ಹೆಸರು ನೋಡಿ ಚೋಕ್‌ಚೆರ್ರಿಯ ತೊಗಟೆ ಕಿತ್ತು ತರಬೇಡಿ.

ಫಿಲಡೆಲ್ಫಿಯಾದ ವಿಲಿಯಂ ಪ್ರಾಕ್ಟರ್ 1830ರ ದಶಕದಲ್ಲೇ ಈ ತೊಗಟೆಯ ರಸಾಯನವನ್ನು ಪರೀಕ್ಷೆ ಮಾಡಿದರು. ಮುಂದೆ ಅವರನ್ನು ಅಮೆರಿಕದ ಔಷಧಶಾಸ್ತ್ರದ ಪಿತಾಮಹ ಅಂತ ಕರೆದರು. ಅಂಗಡಿಯ ಸಿರಪ್ ಮಾಡುವ ಕ್ರಮ ಹೀಗಿತ್ತು. ಶರತ್ಕಾಲದಲ್ಲಿ ತೆಗೆದ ತೊಗಟೆಯನ್ನು ಪುಡಿ ಮಾಡಿ, ತಣ್ಣೀರಿನಲ್ಲಿ ನೆನೆಸಿಟ್ಟು, ನಿಧಾನಕ್ಕೆ ಸೋಸಿ, ಸಕ್ಕರೆಯನ್ನೂ ಬಿಸಿ ಮಾಡದೆ ಕರಗಿಸುವುದು. ಬಿಸಿ ತಾಗಿದರೆ ಕಿಣ್ವ ಸಾಯುತ್ತದೆ, ಅವರಿಗೆ ಬೇಕಾದ ಚೂರು ಸಯನೈಡ್ ಹೊರಬರುವುದಿಲ್ಲ. ಅತಿ ಸಣ್ಣ ಪ್ರಮಾಣದಲ್ಲಿ ಅದು ಕೆಮ್ಮನ್ನು ತಗ್ಗಿಸುತ್ತದೆ ಅನ್ನುವುದು ಅವರ ನಂಬಿಕೆ. ಡಕೋಟ ಹೆಂಗಸರು ಓಡಿಸುತ್ತಿದ್ದುದನ್ನು ಔಷಧಿಯವರು ಅಳೆದು ಉಳಿಸಿಕೊಳ್ಳುತ್ತಿದ್ದರು. ವಸ್ತು ಒಂದೇ. ಊಟವಾಗುವುದು, ಔಷಧಿಯಾಗುವುದು, ವಿಷವಾಗುವುದು ಕೈಯಲ್ಲಿರುವ ವಿಧಾನದ ಮೇಲೆ.

ಈಗ ಹೇಳುವುದು ನನಗೆ ಸಂಕಟ ತರುವ ವಿಷಯ.

ತೊಗಟೆ ಫಾರ್ಮಕೋಪಿಯಾದಲ್ಲಿ ಗೌರವದಿಂದ ಕೂತಿದ್ದ ಅದೇ ಕಾಲದಲ್ಲಿ, 1883ರಲ್ಲಿ, ಅಮೆರಿಕ ಸರ್ಕಾರ ಮೂಲನಿವಾಸಿಗಳ ಮೀಸಲು ಪ್ರದೇಶಗಳಿಗೆ ಒಂದು ಅಪರಾಧ ಸಂಹಿತೆ ತಂದಿತು. ಮೂಲನಿವಾಸಿ ವೈದ್ಯರು ತಮ್ಮ ಪದ್ಧತಿಯಂತೆ ನಡೆದುಕೊಂಡರೆ ಅದು ಅಪರಾಧ. ಮೊದಲ ಸಲಕ್ಕೇ ಕನಿಷ್ಠ 10 ದಿನ ಜೈಲು. ಬಯಲಿನ ಜನರ ಪವಿತ್ರ ಆಚರಣೆಯಾದ ಸೂರ್ಯ ನೃತ್ಯವೂ ಅಪರಾಧ, ಅದರಲ್ಲಿ ಸೇರಿದವರ ಪಡಿತರ ನಿಲ್ಲಿಸಬಹುದಿತ್ತು. ಈ ಸೂರ್ಯ ನೃತ್ಯಕ್ಕೂ ನಮ್ಮ ಗಿಡಕ್ಕೂ ಸಂಬಂಧ ಇದೆ. ಚೆರ್ರಿ ಕಪ್ಪಾಗುವ ತಿಂಗಳು ಅಂತಲೇ ಡಕೋಟ ಪಂಚಾಂಗದಲ್ಲಿ ಒಂದು ತಿಂಗಳಿದೆ. ಹಣ್ಣು ಮಾಗಿದ ಹೊತ್ತಿನ ಹುಣ್ಣಿಮೆಗೆ ಸೂರ್ಯ ನೃತ್ಯ ಶುರುವಾಗುತ್ತಿತ್ತು ಅಂತ ಗಿಲ್ಮೋರ್ ಬರೆದಿದ್ದಾರೆ. ಹಣ್ಣು ಪ್ರತಿ ವರ್ಷ ಮಾಗಿತು. ನೃತ್ಯ ಗುಟ್ಟಾಗಿ ನಡೆಯಬೇಕಾಯಿತು. ಮೂಲನಿವಾಸಿಗಳ ಧಾರ್ಮಿಕ ಸ್ವಾತಂತ್ರ್ಯವನ್ನು ಎತ್ತಿಹಿಡಿಯುವ ಕಾನೂನು ಬಂದದ್ದು 1978ರಲ್ಲಿ.

ಗಿಡ ಬೆಳೆಯುವ ನೆಲವೂ ಹೋಯಿತು. ನಮ್ಮ ರಾಜ್ಯದಲ್ಲೇ ಇರುವ ಫೋರ್ಟ್ ಬರ್ತೋಲ್ಡ್ ಮೀಸಲು ಪ್ರದೇಶ ಮಂಡನ್, ಹಿಡಾಟ್ಸ, ಅರಿಕಾರ ಜನರದ್ದು. ಅವರ ಊರು, ಹೊಲ, ಹಣ್ಣಿನ ಪೊದೆ, ಎಲ್ಲ ಇದ್ದದ್ದು ಮಿಸೌರಿಯ ತಗ್ಗು ನೆಲದಲ್ಲಿ. ಗ್ಯಾರಿಸನ್ ಅಣೆಕಟ್ಟಿಗಾಗಿ 1,50,000 ಎಕರೆಗೂ ಹೆಚ್ಚು ನೆಲ ತೆಗೆದುಕೊಂಡರು. 1948ರ ಮೇ ತಿಂಗಳಲ್ಲಿ ವಾಷಿಂಗ್ಟನ್‌ನಲ್ಲಿ ಒಪ್ಪಂದಕ್ಕೆ ಸಹಿ ಆಗುವಾಗ ಬುಡಕಟ್ಟು ಸಮಿತಿಯ ಅಧ್ಯಕ್ಷ ಜಾರ್ಜ್ ಜಿಲೆಟ್ ಮುಖ ಮುಚ್ಚಿಕೊಂಡು ಅಳುತ್ತಿರುವ ಫೋಟೋ ಇದೆ. ನೋಡಿ ಒಮ್ಮೆ. 1953ರಲ್ಲಿ ನೀರು ತುಂಬತೊಡಗಿತು. ಎಲ್ಬೋವುಡ್ಸ್ ಅನ್ನುವ ಊರು ಮುಳುಗಿತು, ಅಲ್ಲಿದ್ದ ಆಸ್ಪತ್ರೆಯೂ ಮುಳುಗಿತು. ಕಾಡಿನ ಔಷಧಿಯೂ ಇಲ್ಲ, ಸರ್ಕಾರದ ಔಷಧಿಯೂ ಇಲ್ಲ ಅನ್ನುವ ಸ್ಥಿತಿ. ಈ ಸಭೆಯಲ್ಲಿ ಸಾಗರ, ಹೊಸನಗರದ ಕಡೆಯವರು ಇದ್ದೀರಿ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಶರಾವತಿ ಕಣಿವೆಯವರು ಏನು ಕಳೆದುಕೊಂಡರು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮನೆ, ಗದ್ದೆಗೆ ಏನೋ ಒಂದು ಪರಿಹಾರ ಬರೆದರು. ಹಿತ್ತಲ ಹಿಂದಿನ ಕಾಡಿನಲ್ಲಿ ಯಾವ ಬೇರು ಎಲ್ಲಿ ಸಿಗುತ್ತದೆ ಅನ್ನುವ ತಿಳಿವಳಿಕೆಗೆ ಯಾರು ಬೆಲೆ ಕಟ್ಟಿದರು?

ಆದರೂ ಇದು ಮುಗಿದ ಕಥೆಯಲ್ಲ. ಆ ಜನ ಇಲ್ಲೇ ಇದ್ದಾರೆ. ಜುಲೈ ಆಗಸ್ಟ್‌ನಲ್ಲಿ ಹಣ್ಣು ಕೀಳುತ್ತಾರೆ, ಬಿಲ್ಲೆ ತಟ್ಟುತ್ತಾರೆ, ಮಕ್ಕಳಿಗೆ ಹೇಳಿಕೊಡುತ್ತಾರೆ. ಇಲ್ಲಿ ನಾವು ಬಂದು ನೆಲೆಸಿದವರು. ಇಲ್ಲಿನ ಗಿಡದ ಬಗ್ಗೆ ಏನಾದರೂ ಕಲಿಯುವುದಿದ್ದರೆ ಮೊದಲು ಅವರಿಂದ ಕಲಿಯಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಅಡುಗೆ ಮನೆಯ ಮಾತು. ಹಣ್ಣು ಪೂರ್ತಿ ಕಪ್ಪಾದ ಮೇಲೆ ಕೀಳಿ. ಕೆಂಪಿದ್ದಾಗ ಒಗರು ತಡೆಯಲಾರಿರಿ. ತೊಳೆದು, ಮುಳುಗುವಷ್ಟು ನೀರು ಹಾಕಿ, ಮುಚ್ಚಳ ಮುಚ್ಚದೆ ಮೆತ್ತಗಾಗುವ ತನಕ ಬೇಯಿಸಿ. ಸೌಟಿನಿಂದ ಮೆಲ್ಲಗೆ ಒತ್ತಿ ಜರಡಿಯಲ್ಲಿ ಸೋಸಿ. ಬೀಜ ಮೇಲೆ ಉಳಿಯಬೇಕು, ಒಡೆಯಬಾರದು. ದಯವಿಟ್ಟು ಇಡೀ ಹಣ್ಣನ್ನು ಮಿಕ್ಸಿಗೆ ಹಾಕಬೇಡಿ. ಹಾಕಿದರೆ ಬೀಜ ಪುಡಿಯಾಗಿ ಒಳಗಿನದೆಲ್ಲ ರಸಕ್ಕೆ ಸೇರುತ್ತದೆ, ಅದನ್ನು ಬಿಸಿಲಲ್ಲಿ ದಿನಗಟ್ಟಲೆ ಒಣಗಿಸುವ ತಾಳ್ಮೆ ನಮಗಿಲ್ಲ. ಬಂದ ರಸಕ್ಕೆ ಬೆಲ್ಲ, ಉಪ್ಪು, ಸ್ವಲ್ಪ ಮೆಣಸಿನಪುಡಿ ಹಾಕಿ ಕುದಿಸಿ, ಇಂಗು ಸಾಸಿವೆ ಒಗ್ಗರಣೆ ಕೊಟ್ಟರೆ ಒಳ್ಳೆ ಗೊಜ್ಜು. ಚಪಾತಿಗೂ ಆಗುತ್ತದೆ, ಅನ್ನಕ್ಕೂ ಆಗುತ್ತದೆ. ಸಕ್ಕರೆ ಪಾಕದಲ್ಲಿ ಮಾಡಿದರೆ ಮಕ್ಕಳು ದೋಸೆಗೆ ಹಾಕಿಕೊಂಡು ತಿನ್ನುತ್ತಾರೆ.

ತೊಗಟೆ, ಎಲೆ, ಬೀಜದ ತಿರುಳು, ಈ ಮೂರನ್ನೂ ಬಾಯಿಗೆ ಹಾಕಬೇಡಿ. ಕಷಾಯ ಬೇಡ, ಪುಡಿ ಬೇಡ. ಮಕ್ಕಳಿಗಂತೂ ಬೇಡವೇ ಬೇಡ, ಬಸುರಿಯರಿಗೂ ಬೇಡ. ಮಗು ಬೀಜ ಅಗಿದು ತಿಂದು ತಲೆಸುತ್ತು, ವಾಂತಿ, ಏದುಸಿರು ಶುರುವಾದರೆ ಮನೆಮದ್ದು ಹುಡುಕುತ್ತ ಕೂರಬೇಡಿ, 911ಕ್ಕೆ ಫೋನ್ ಮಾಡಿ. ಸಯನೈಡ್‌ಗೆ ಆಸ್ಪತ್ರೆಯಲ್ಲಿ ಪ್ರತಿ ಔಷಧಿ ಇದೆ, ಆದರೆ ಸಮಯಕ್ಕೆ ಸರಿಯಾಗಿ ಸಿಗಬೇಕು.

ಕೆಲವರು ಪ್ರಶ್ನೆ ಕೇಳಿದರು. ಮುಖ್ಯವಾದವು ಇಲ್ಲಿವೆ.

ಗಂಟಲಿಗೆ ಅಂತ ವೈಲ್ಡ್ ಚೆರ್ರಿ ಗುಳಿಗೆ ಮಾರುತ್ತಾರಲ್ಲ, ಅದೂ ಇದೇನಾ ಅಂತ ಒಬ್ಬರು ಕೇಳಿದರು. ಹೆಸರಿನ ಮೂಲ ಆ ಹಳೆಯ ಸಿರಪ್. ಆದರೆ ಈಗಿನ ಹೆಚ್ಚಿನ ಗುಳಿಗೆಗಳಲ್ಲಿ ಚೆರ್ರಿ ಅನ್ನುವುದು ಬರೀ ರುಚಿ. ಗಂಟಲಿಗೆ ಹಿತ ಕೊಡುವುದು ಮೆಂಥಾಲ್ ಅಥವಾ ಪೆಕ್ಟಿನ್. ಡಬ್ಬದ ಹಿಂದೆ ಬರೆದಿರುತ್ತದೆ, ಓದಿ ನೋಡಿ.

ನಮ್ಮ ಕಡೆ ಕಾಡು ಚೆರ್ರಿ ಇಲ್ಲವಾ ಅಂತ ಇನ್ನೊಬ್ಬರ ಪ್ರಶ್ನೆ. ಬೇಕರಿಯ ಕೇಕಿನ ಮೇಲೆ ಕೆಂಪಗೆ ಕೂರುವುದು ಬಹಳ ಸಲ ಚೆರ್ರಿಯೇ ಅಲ್ಲ, ಸಕ್ಕರೆ ಪಾಕದಲ್ಲಿ ಹಾಕಿ ಬಣ್ಣ ಕಟ್ಟಿದ ಕವಳೆಕಾಯಿ. ಅದು ಬೇರೆಯೇ ಕುಟುಂಬದ ಗಿಡ. ನಿಜವಾದ ಸಂಬಂಧಿ ಅಂದರೆ ಪದ್ಮಕ. ಆಯುರ್ವೇದದಲ್ಲಿ ಅದರ ಹೆಸರು ಬರುತ್ತದೆ. ಅದು ಹಿಮಾಲಯದ ಕಾಡು ಚೆರ್ರಿ ಮರ, ಮಳೆಗಾಲ ಮುಗಿದ ಮೇಲೆ ಗುಲಾಬಿ ಬಣ್ಣದ ಹೂ ಬಿಡುತ್ತದೆ. ಉತ್ತರಾಖಂಡದವರು ಅದನ್ನು ಪವಿತ್ರ ಅಂತ ಕಾಣುತ್ತಾರೆ. ಪಶ್ಚಿಮ ಘಟ್ಟದ ಮಳೆಕಾಡಿನಲ್ಲೂ ಇದೇ ಪ್ರೂನಸ್ ಕುಲದ ಮರ ಇದೆ, ಪ್ರೂನಸ್ ಸೀಲಾನಿಕ ಅಂತ.

ಕೊನೆಯ ಪ್ರಶ್ನೆ ಹೈಸ್ಕೂಲು ಹುಡುಗಿಯೊಬ್ಬಳದು: ಮೀಸಲು ಪ್ರದೇಶಕ್ಕೆ ಹೋಗಿ ನಾವೂ ಹಣ್ಣು ಕೀಳಬಹುದಾ, ಅವರು ಮಾಡುವುದನ್ನು ನೋಡಬಹುದಾ? ಅದು ಅವರ ನೆಲ, ಕೇಳದೆ ಕೀಳಬೇಡ ಅಂತ ಹೇಳಿದೆ. ಪವ್‌ವಾವ್ ಅನ್ನುವ ಅವರ ಹಾಡು ಕುಣಿತದ ಕೂಟ ನಡೆಯುವಾಗ ಹೊರಗಿನವರಿಗೂ ಸಾಮಾನ್ಯವಾಗಿ ಸ್ವಾಗತ ಇರುತ್ತದೆ. ಹೋಗು. ಅಲ್ಲಿ ವೊಜಾಪಿ ಮಾರುವವರು ಸಿಕ್ಕರೆ ದುಡ್ಡು ಕೊಟ್ಟು ತಿನ್ನು. ಬೀಜ ಸಮೇತ ಕುಟ್ಟಿದ್ದಾ, ಸೋಸಿದ್ದಾ ಅಂತ ಕೇಳು. ಎಷ್ಟು ದಿನ ಒಣಗಿಸುತ್ತೀರಿ, ಯಾರು ಹೇಳಿಕೊಟ್ಟರು ಅಂತಲೂ ಕೇಳು. ಹೇಳಲು ಇಷ್ಟವಿದ್ದರೆ ಅವರು ಹೇಳುತ್ತಾರೆ. ಇಷ್ಟವಿಲ್ಲದಿದ್ದರೆ ಒತ್ತಾಯ ಮಾಡಬೇಡ.